ಜನರ ನಕ್ಷೆ ಮಾಡಲು ಹೊರಟು ಜಿಲ್ಲೆಯ ಗಾತ್ರ ತೋರಿಸಿದ್ದೆ

ನಾನು ಉತ್ತರ ಕನ್ನಡ ಜಿಲ್ಲೆಯ ಕರಾವಳಿ, ಕುಮಟಾ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಜನಸಾಂದ್ರತೆಯ ಪಾಠಕ್ಕೆ ಗೋಡೆಗೆ ಹಾಕಲು ಒಂದು ಕರ್ನಾಟಕ ನಕ್ಷೆ ಬೇಕಿತ್ತು, ಹೆಸರುಗಳೆಲ್ಲ ಕನ್ನಡದಲ್ಲಿರಬೇಕು. ಹುಡುಕಿದೆ, ಸಿಗಲಿಲ್ಲ. ನಾನೇ ಮಾಡೋಣ ಅಂತ ಕ್ಯೂಜಿಐಎಸ್ ಅನ್ನುವ ನಕ್ಷೆ ಮಾಡುವ ಸಾಫ್ಟ್‌ವೇರ್ ಕಂಪ್ಯೂಟರಿಗೆ ಹಾಕಿಕೊಂಡೆ. ಪೂರ್ತಿ ಉಚಿತ.

ಬೇಕಾದದ್ದು ಎರಡೇ: ಜಿಲ್ಲೆಗಳ ಗಡಿ ಇರುವ ಫೈಲ್, 2011ರ ಜನಗಣತಿಯ ಪಟ್ಟಿ. ಇವೆರಡನ್ನೂ ಜೋಡಿಸುವಾಗಲೇ ಮೊದಲ ತೊಡಕು ಬಂತು. ಪಟ್ಟಿಯಲ್ಲಿ ಗುಲ್ಬರ್ಗ, ಬಿಜಾಪುರ, ಬೆಲ್ಗಾಮ್ ಅಂತಿದ್ದರೆ ಗಡಿ ಫೈಲಿನಲ್ಲಿ ಕಲಬುರಗಿ, ವಿಜಯಪುರ, ಬೆಳಗಾವಿ. ಹೆಸರು ಬದಲಾದದ್ದು 2014ರಲ್ಲಿ, ಅದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಅರ್ಧ ರಾಜ್ಯ ಬಿಳಿಯಾಗಿ ಉಳಿಯಿತು. ಜನಗಣತಿಯವರು ಪ್ರತಿ ಜಿಲ್ಲೆಗೂ ಒಂದು ಸಂಖ್ಯೆ ಕೊಟ್ಟಿದ್ದಾರೆ, ನಮ್ಮ ರಾಜ್ಯದ್ದು 555ರಿಂದ 584ರವರೆಗೆ. ಆ ಸಂಖ್ಯೆ ಇರುವ, 2011ರದ್ದೇ ಆದ ಗಡಿ ಫೈಲ್ ಹುಡುಕಿ ತಂದು ಜೋಡಿಸಿದ ಮೇಲೆ ಎಲ್ಲ ಕೂತಿತು. ಹೆಸರು ನಂಬಿ ಜೋಡಿಸಬೇಡಿ, ಸಂಖ್ಯೆ ಇದ್ದರೆ ಅದನ್ನೇ ಹಿಡಿಯಿರಿ.

ಆಮೇಲೆ ಜನಸಂಖ್ಯೆಗೆ ತಕ್ಕಂತೆ ಬಣ್ಣ ತುಂಬಿದೆ. ನೋಡಲು ಚೆಂದವೇ ಇತ್ತು. ಬೆಂಗಳೂರು ಗಾಢ, ಅದರ ನಂತರ ಬೆಳಗಾವಿ, ದಕ್ಷಿಣ ಕನ್ನಡ ಅದಕ್ಕಿಂತ ಎಷ್ಟೋ ತಿಳಿ. ಎರಡು ದಿನ ಬಿಟ್ಟು ಮತ್ತೆ ನೋಡಿದಾಗ ಏನೋ ಸರಿ ಇಲ್ಲ ಅನಿಸಿತು. ಬೆಳಗಾವಿಯಲ್ಲಿ ಸುಮಾರು 48 ಲಕ್ಷ ಜನ ಇದ್ದಾರೆ, ನಿಜ, ಆದರೆ ಅದು 13,000 ಚದರ ಕಿ.ಮೀ.ಗೂ ಜಾಸ್ತಿ ಇರುವ ದೊಡ್ಡ ಜಿಲ್ಲೆ, ದೊಡ್ಡ ಹೊಲದಲ್ಲಿ ಜಾಸ್ತಿ ಜೋಳ ಬೆಳೆದ ಹಾಗೆ. ಜಿಲ್ಲೆ ಎಷ್ಟು ದೊಡ್ಡದು ಅನ್ನುವುದನ್ನೇ ಬಣ್ಣದಲ್ಲಿ ಇನ್ನೊಮ್ಮೆ ಹೇಳಿದಂತಾಗಿತ್ತು, ಅಲ್ವಾ? ಒಟ್ಟು ಸಂಖ್ಯೆ ತೋರಿಸಬೇಕಾದರೆ ಜಿಲ್ಲೆಯ ಮೇಲೆ ದೊಡ್ಡ, ಸಣ್ಣ ವೃತ್ತ ಇಡಬೇಕು. ಬಣ್ಣ ತುಂಬುವುದಾದರೆ ಚದರ ಕಿ.ಮೀ.ಗೆ ಎಷ್ಟು ಜನ ಅಂತ ಭಾಗಿಸಿಯೇ ತುಂಬಬೇಕು. ಹಾಗೆ ಭಾಗಿಸಿದರೆ ಬೆಳಗಾವಿ 356ಕ್ಕೆ ಇಳಿಯುತ್ತದೆ, ದಕ್ಷಿಣ ಕನ್ನಡ 400 ದಾಟಿ ಮೇಲೆ ಹೋಗುತ್ತದೆ.

ಭಾಗಿಸಲು ವಿಸ್ತೀರ್ಣ ಬೇಕು. ಅದನ್ನು ಕ್ಯೂಜಿಐಎಸ್‌ನಲ್ಲೇ ಲೆಕ್ಕ ಹಾಕಿಸಿದರೆ ಬೆಳಗಾವಿಗೆ 1 ಚಿಲ್ಲರೆ ಅಂತ ಬಂತು! ಫೈಲ್ ಇದ್ದದ್ದು ಅಕ್ಷಾಂಶ, ರೇಖಾಂಶದಲ್ಲಿ, ಹಾಗಾಗಿ ಬಂದ ಉತ್ತರ ಚದರ ಡಿಗ್ರಿಯಲ್ಲಿತ್ತು. ಒಂದು ಡಿಗ್ರಿ ಅಕ್ಷಾಂಶ ಅಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿ ಹಾಗಲ್ಲ, ಉತ್ತರಕ್ಕೆ ಹೋದಷ್ಟೂ ಕಿರಿದಾಗುತ್ತದೆ. ಫೈಲನ್ನು ಡಿಗ್ರಿಯ ಬದಲು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಾಯಿಸಿ (ಕ್ಯೂಜಿಐಎಸ್‌ನ ಪಟ್ಟಿಯಲ್ಲಿ 32643 ಅಂತ ಹುಡುಕಿ) ಮತ್ತೆ ಲೆಕ್ಕ ಹಾಕಿಸಿದೆ, ಚದರ ಮೀಟರಿನಲ್ಲಿ ಬಂತು. ಆ ವಲಯ ಪೂರ್ವಕ್ಕೆ 78 ಡಿಗ್ರಿಗೆ ಮುಗಿಯುತ್ತದೆ. ಕೋಲಾರದ ಕಡೆ ನಮ್ಮ ರಾಜ್ಯ ಸ್ವಲ್ಪ ಅದರ ಹೊರಗೆ ಚಾಚುತ್ತದೆ, ಗೋಡೆಯ ನಕ್ಷೆಗೆ ಅದರಿಂದ ತೊಂದರೆ ಇಲ್ಲ.

ನನಗೆ ಜಾಸ್ತಿ ದಿನ ಹಿಡಿದದ್ದು ಎಷ್ಟರಿಂದ ಎಷ್ಟಕ್ಕೆ ಯಾವ ಬಣ್ಣ ಅಂತ ಜಿಲ್ಲೆಗಳನ್ನು ಗುಂಪು ಮಾಡುವುದು. ಚದರ ಕಿ.ಮೀ.ಗೆ ಕೊಡಗಿನಲ್ಲಿ 135 ಜನ, ಬೆಂಗಳೂರು ನಗರದಲ್ಲಿ 4,381. ಇದನ್ನು ಸಮನಾಗಿ ಐದು ಪಾಲು ಮಾಡಿದರೆ ಮೊದಲ ಪಾಲೇ ಸುಮಾರು 984ರವರೆಗೆ ಹೋಗುತ್ತದೆ. ಬೆಂಗಳೂರು ಬಿಟ್ಟು ಉಳಿದ 29 ಜಿಲ್ಲೆಗಳೂ ಅದರೊಳಗೇ ಬಿದ್ದವು, ಎಲ್ಲದಕ್ಕೂ ಒಂದೇ ಬಣ್ಣ. ಸರಿ, ಪ್ರತಿ ಗುಂಪಿಗೂ ಆರಾರು ಜಿಲ್ಲೆ ಬರುವ ಹಾಗೆ ಮಾಡಿದೆ. ಆಗ ಬೆಂಗಳೂರು, ಮೈಸೂರು ಎರಡೂ ಒಂದೇ ಬಣ್ಣಕ್ಕೆ ಬಂದವು. ಮೈಸೂರು 500 ಕೂಡ ಇಲ್ಲ, ಬೆಂಗಳೂರು ಅದರ ಎಷ್ಟೋ ಪಟ್ಟು! ಕೊನೆಗೆ ನಾನೇ ಕೈಯಾರೆ 200, 300, 400, 500ಕ್ಕೆ ಗೆರೆ ಹಾಕಿದೆ. ಕೊನೆಯ ಗುಂಪಿನಲ್ಲಿ ಬೆಂಗಳೂರು ನಗರ ಒಂದೇ. ಅಂಕಿ ಅವೇ, ನಕ್ಷೆ ಮಾತ್ರ ಮೂರು ಸಲ ಮೂರು ತರ ಕಂಡಿತು. ಅದಕ್ಕೇ ಹೇಳುತ್ತೇನೆ, ಸಾಫ್ಟ್‌ವೇರ್ ಕೊಟ್ಟ ಗುಂಪನ್ನು ಸುಮ್ನೆ ಒಪ್ಪಿಕೊಳ್ಳಬೇಡಿ, ಮೊದಲು ಅಂಕಿಗಳನ್ನು ಸಾಲಾಗಿ ಬರೆದು ಕಣ್ಣಾಡಿಸಿ.

ಬಣ್ಣದ ಬಗ್ಗೆ ಒಂದೇ ಮಾತು. ಒಂದೇ ಬಣ್ಣ ತಿಳಿಯಿಂದ ಗಾಢಕ್ಕೆ ಹೋಗಲಿ. ಕೆಂಪು, ಹಸಿರು ಬೆರೆಸಿದರೆ ಅವೆರಡರ ವ್ಯತ್ಯಾಸ ಕಾಣದ ಮಕ್ಕಳೂ ತರಗತಿಯಲ್ಲಿ ಇರುತ್ತಾರೆ.

ನಕ್ಷೆ ಗೋಡೆಗೇರಿತು. ನಮ್ಮ ಜಿಲ್ಲೆಯದೇ ಘಟ್ಟದ ಮೇಲಿನ ತಾಲ್ಲೂಕಾದ ಜೋಯಿಡಾದಿಂದ ಬಂದ ನಮ್ಮ ಕನ್ನಡ ಟೀಚರ್ ನೋಡಿದವರೇ, "ಮಾಸ್ತರೆ, ನಮ್ಮೂರಿಗೂ ಕುಮಟಾಕ್ಕೂ ಒಂದೇ ಬಣ್ಣ ಯಾಕೆ?" ಅಂದರು. ಸರಿಯಾದ ಪ್ರಶ್ನೆ. ಉತ್ತರ ಕನ್ನಡದ ಸರಾಸರಿ 140. ಆದರೆ ಆ ಜನರೆಲ್ಲ ಜಿಲ್ಲೆಯ ತುಂಬ ಸಮನಾಗಿ ಹರಡಿಕೊಂಡಿಲ್ಲ, ಕರಾವಳಿಯಲ್ಲಿ ಮನೆಗೆ ಮನೆ ತಾಗಿದೆ, ಘಟ್ಟದ ಮೇಲೆ ಕಾಡು. ಜಿಲ್ಲೆಯ ಗಡಿಯೊಳಗೆ ಒಂದೇ ಬಣ್ಣ ತುಂಬಿದರೆ ಅದೆಲ್ಲ ಮುಚ್ಚಿಹೋಗುತ್ತದೆ.

ನಮ್ಮ ಜಿಲ್ಲೆಯದ್ದಷ್ಟೇ ತಾಲ್ಲೂಕುವಾರು ಇನ್ನೊಂದು ಮಾಡಿದೆ. ಪಟ್ಟಿಯಲ್ಲಿ ಜೋಯಿಡಾ ಸಿಗಲೇ ಇಲ್ಲ, ಆಮೇಲೆ ಹೊಳೆಯಿತು, ಜನಗಣತಿಯಲ್ಲಿ ಅದು ಇನ್ನೂ ಸೂಪಾ. ಕಾಳಿ ನದಿಯ ಅಣೆಕಟ್ಟೆಯಲ್ಲಿ ಮುಳುಗಿದ ಊರಿನ ಹೆಸರು. ಬಣ್ಣ ತುಂಬಿದಾಗ ಜೋಯಿಡಾ ಹೆಚ್ಚುಕಮ್ಮಿ ಕಾಗದದ ಬಿಳುಪಿಗೇ ಬಂತು, ಕರಾವಳಿಯ ಅಂಚು ಗಾಢವಾಯಿತು. ಟೀಚರ್ ಹೇಳಿದ್ದು ಕಣ್ಣಿಗೇ ಕಂಡಿತು.

ಈಗ ಎರಡೂ ಅಕ್ಕಪಕ್ಕ ಇವೆ. ಕೆಳಗೆ 2011 ಅಂತ ದೊಡ್ಡದಾಗಿ ಬರೆದಿದ್ದೇನೆ, ವಿಜಯನಗರ ಜಿಲ್ಲೆ ಎಲ್ಲಿ ಅಂತ ಮಕ್ಕಳು ಹುಡುಕುತ್ತಾರಲ್ಲ. ಅದು ಆದದ್ದು 2021ರಲ್ಲಿ, ಈ ನಕ್ಷೆಯಲ್ಲಿ ಹೊಸಪೇಟೆ ಇನ್ನೂ ಬಳ್ಳಾರಿಯೊಳಗೇ ಇದೆ.