ನಮ್ಮ ಟ್ರಾಲ್ ಬೋಟ್‌ಗೆ ಚೌಕ ಕಣ್ಣಿನ ಚೀಲ ಹಾಕಿದ ಅನುಭವ

ಬೋಟ್ ಹಿಂದೆ ಕಟ್ಟಿ ಎಳೆಯುವ ಟ್ರಾಲ್ ಬಲೆ ಎಷ್ಟೇ ದೊಡ್ಡದಿರಲಿ, ಯಾವ ಮೀನು ಬೋಟ್‌ಗೆ ಬರುತ್ತದೆ, ಯಾವುದು ಕಡಲಲ್ಲೇ ಉಳಿಯುತ್ತದೆ ಎನ್ನುವುದು ತೀರ್ಮಾನವಾಗುವುದು ಅದರ ತುದಿಯ ಚೀಲದಲ್ಲಿ. ಈ ಚೀಲಕ್ಕೆ 35 ಮಿ.ಮೀ. ಚೌಕ ಕಣ್ಣಿನ (ತೂತು ಚೌಕಾಕಾರವಿರುವ) ಬಲೆಯನ್ನೇ ಹಾಕಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ನಿಯಮ ಇರುವುದು ಧಕ್ಕೆಯಲ್ಲಿ ಎಲ್ಲರಿಗೂ ಗೊತ್ತು, ಹಾಕುವವರು ಕಡಿಮೆ. ಮಲ್ಪೆಯಿಂದ ಹೋಗುವ ನಮ್ಮ ಆಳಸಮುದ್ರ ಬೋಟ್‌ಗೆ ನಾನು ಹಾಕಿಸಿದೆ. ಈಗಲೂ ಅದರಲ್ಲೇ ಮೀನು ಹಿಡಿಯುತ್ತಿದ್ದೇವೆ. ಬೋಟ್ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ಇದಕ್ಕೆ ಹಚ್ಚಿದ್ದು ರಾಣಿಮೀನು, ನಮ್ಮ ಕಡೆಯ ಮದ್ಮಲ್. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿದ್ದು ಯಾಂತ್ರಿಕ ಬೋಟ್‌ಗಳೆಲ್ಲ ಬಂದರಿನಲ್ಲಿ ನಿಲ್ಲುತ್ತವೆ. ಕಡಲಿಗೆ ಅಷ್ಟು ಬಿಡುವು ಕೊಟ್ಟು ಆಗಸ್ಟ್ ನಂತರ ಬಲೆ ಬಿಟ್ಟರೆ ಚೀಲದ ತುಂಬ ಬೆರಳುದ್ದದ ಮರಿಗಳು. ಅಡುಗೆಗೆ ಆಗುವುದಿಲ್ಲ, ಹರಾಜಿನಲ್ಲಿ ಯಾರೂ ಕೇಳುವುದಿಲ್ಲ. ಮೀನನ್ನು ಒಣಗಿಸಿ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಯ ಲಾರಿಗೆ ನೇರ ಹೋಗುತ್ತವೆ. ಅದೇ ಮರಿ ಕೆಲವು ತಿಂಗಳು ಕಡಲಲ್ಲೇ ಇದ್ದು ಬೆಳೆದರೆ ಕಿಲೋ ಲೆಕ್ಕದಲ್ಲಿ ಎಷ್ಟೋ ಪಟ್ಟು ಬೆಲೆ ಬಾಳುತ್ತದೆ, ಮೊಟ್ಟೆಯನ್ನೂ ಇಟ್ಟಿರುತ್ತದೆ. ಎರಡು ತಿಂಗಳ ರಜೆಯಲ್ಲಿ ಕಡಲು ಬೆಳೆಸಿದ್ದನ್ನು ಎರಡು ವಾರದಲ್ಲಿ ಗೊಬ್ಬರದ ದರಕ್ಕೆ ಮಾರುವುದು ನನಗೆ ಸಹಿಸಲಾಗಲಿಲ್ಲ.

ಚೌಕ ಕಣ್ಣು ಯಾಕೆ ಬೇಕು ಎನ್ನುವುದು ಬಲೆಯನ್ನು ಕೈಯಲ್ಲಿ ಹಿಡಿದು ಎಳೆದರೆ ತಿಳಿಯುತ್ತದೆ. ಸಾಮಾನ್ಯ ಬಲೆಯ ಕಣ್ಣು ವಜ್ರಾಕಾರದ್ದು. ನೀರಿನಲ್ಲಿ ಎಳೆತ ಬಿದ್ದ ಕೂಡಲೇ ಅದು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತದೆ. ಕಣ್ಣು ದೊಡ್ಡದಿದ್ದರೂ ಮರಿಗೆ ದಾರಿ ಇಲ್ಲ. ಅದೇ ಬಲೆಯನ್ನು ಓರೆಯಾಗಿ ತಿರುಗಿಸಿ ಹೊಲಿದರೆ ಎಳೆತ ನೇರ ದಾರದ ಮೇಲೆ ಬೀಳುತ್ತದೆ, ಕಣ್ಣು ತೆರೆದೇ ಇರುತ್ತದೆ. ಅಳತೆಯಲ್ಲಿ ಮಾತ್ರ ಎಚ್ಚರ ಬೇಕು. 35 ಮಿ.ಮೀ. ಎಂದರೆ ಕಣ್ಣನ್ನು ಎಳೆದು ಹಿಡಿದಾಗ ಎದುರುಬದುರು ಗಂಟುಗಳ ನಡುವಿನ ಅಳತೆ, ಚೌಕದ ಒಂದು ಬದಿಯದ್ದಲ್ಲ. ಬದಿ ಅದರ ಅರ್ಧ, ಹದಿನೇಳೂವರೆ ಮಿ.ಮೀ. ಬಲೆ ಅಂಗಡಿಯಲ್ಲಿ ಇದನ್ನು ಬಿಡಿಸಿ ಹೇಳದಿದ್ದರೆ ಬೇರೆಯದೇ ಕೈಗೆ ಬರುತ್ತದೆ.

ಹೊಲಿದದ್ದು ಬೋಟ್ ನಡೆಸುವ ನಮ್ಮ ತಂಡೇಲನೇ, ಮಳೆಗಾಲದ ಬಿಡುವಿನಲ್ಲಿ. ಬಲೆಯನ್ನು ನೆಲಕ್ಕೆ ಹಾಸಿ, ಒಂದು ಕಣ್ಣಿನಿಂದ ಮುಂದಿನ ಕಣ್ಣಿಗೆ ಒಂದೇ ಓರೆಯ ದಾರ ಹಿಡಿದು ಕತ್ತರಿಸುತ್ತಾ ಹೋಗಬೇಕು. ಒಂದು ಕಣ್ಣು ತಪ್ಪಿದರೂ ತುಂಡು ಸೊಟ್ಟಗಾಗಿ ಚೀಲ ನೀರಿನಲ್ಲಿ ತಿರುಚುತ್ತದೆ. ಗಂಟು ಹಾಕಿದ ಬಲೆಗಿಂತ ಗಂಟಿಲ್ಲದ ಬಲೆ ಒಳ್ಳೆಯದು. ಚೌಕವಾಗಿ ಎಳೆದಾಗ ಗಂಟು ಜಾರಿ ಕಣ್ಣುಗಳ ಅಳತೆ ಏರುಪೇರಾಗುತ್ತದೆ. ಕೊಚ್ಚಿಯ ಸಿಐಎಫ್‌ಟಿ (ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ) ಸಂಸ್ಥೆಯವರು ಇಂಥ ಚೀಲಗಳ ಮೇಲೆ ತುಂಬ ಕೆಲಸ ಮಾಡಿದ್ದಾರೆ, ಅವರ ವಿನ್ಯಾಸ ನೋಡಿಯೇ ಶುರು ಮಾಡುವುದು ಉತ್ತಮ.

ಹೊಸ ಚೀಲ ಹಾಕಿ ಬಲೆ ಎತ್ತಿದಾಗ ವ್ಯತ್ಯಾಸ ಕಂಡದ್ದು ಡೆಕ್ ಮೇಲೆ. ರಾಶಿ ಸಣ್ಣದು, ಆದರೆ ಆರಿಸುವ ಕೆಲಸ ಬೇಗ ಮುಗಿಯಿತು. ಬೊಂಡಾಸ್ (ಸ್ಕ್ವಿಡ್), ದೊಡ್ಡ ಮದ್ಮಲ್, ಸಿಗಡಿ ಇವೆಲ್ಲ ಕೆಸರು ಕಸದಲ್ಲಿ ಹೊರಳಿ ಜಜ್ಜಿಹೋಗಿರಲಿಲ್ಲ, ಬೇಗ ಐಸ್ ಸೇರಿದವು. ತೊಂದರೆಯೂ ಇದೆ. ಪಾಂಬೋಲ್‌ನಂಥ ತೆಳು ಉದ್ದ ಮೀನು ಕಣ್ಣಿನಲ್ಲಿ ತಲೆ ತೂರಿಸಿ ಸಿಕ್ಕಿಕೊಳ್ಳುತ್ತದೆ, ಒಂದೊಂದನ್ನೇ ಬಿಡಿಸಬೇಕು. ದುಂಡು ಮೈಯ ಮದ್ಮಲ್‌ಗೆ ಚೌಕ ಕಣ್ಣು ಹೇಳಿ ಮಾಡಿಸಿದ್ದು. ಚಪ್ಪಟೆಯ ನಂಗ್, ಅಗಲ ಮೈಯ ಮಾಂಜಿ ಮರಿಗೆ ಅದು ಅಷ್ಟಾಗಿ ಒದಗುವುದಿಲ್ಲ.

ಬಲೆ ಎಳೆಯುವ ಹೊತ್ತನ್ನೂ ಕಡಿಮೆ ಮಾಡಿದೆವು. ಗಂಟೆಗಟ್ಟಲೆ ಎಳೆದರೆ ತುಂಬಿದ ಮೀನೇ ಕಣ್ಣುಗಳನ್ನು ಮುಚ್ಚುತ್ತದೆ, ಆಮೇಲೆ ಚೌಕವಿದ್ದರೂ ಒಂದೇ, ಬೇರೆಯದಿದ್ದರೂ ಒಂದೇ. ಮರಿ ತಪ್ಪಿಸಿಕೊಳ್ಳಬೇಕಾದ್ದು ಆಳದಲ್ಲಿ. ವಿಂಚ್ ಸುತ್ತಿ ಚೀಲ ಮೇಲೆ ಬಂದಾಗ ಹೊರಬಿದ್ದದ್ದು ಹೆಚ್ಚಾಗಿ ಹಕ್ಕಿಗಳ ಪಾಲು.

ನಿಜವಾದ ತೊಡಕು ಬಂದದ್ದು ಬಲೆಯಿಂದಲ್ಲ, ಪಾಲಿನಿಂದ. ನಮ್ಮ ಬೋಟ್‌ನಲ್ಲಿ ಫಿಶ್‌ಮೀಲ್‌ಗೆ ಮಾರಿದ ಮೀನಿನ ದುಡ್ಡು ಕಲಾಸಿಗಳಿಗೆ, ಅಂದರೆ ಬೋಟ್‌ನಲ್ಲಿ ದುಡಿಯುವ ಹುಡುಗರಿಗೆ, ಹೋಗುವುದು ವಾಡಿಕೆ. ಊರಿಗೆ ಹಣ ಕಳಿಸುವ ಹುಡುಗರಿಗೆ ಆ ದುಡ್ಡು ದೊಡ್ಡದು. "ಅಣ್ಣ, ಮರಿ ಬಿಟ್ರೆ ಕಡಲಿಗೆ ಒಳ್ಳೇದು, ಒಪ್ಪಿದೆ. ನಮ್ಮ ಹುಡುಗ್ರಿಗೆ ಎಂತ ಹೇಳುದು?" ಎಂದು ತಂಡೇಲ ಕೇಳಿದ. ಅವನ ಪ್ರಶ್ನೆ ನ್ಯಾಯವಾದದ್ದೇ. ಕಡಲು ಉಳಿಸುವ ಖರ್ಚನ್ನು ಬೋಟ್‌ನಲ್ಲಿ ಎಲ್ಲರಿಗಿಂತ ಕಡಿಮೆ ಸಿಗುವವನ ಹೆಗಲಿಗೆ ಹೊರಿಸಬಾರದು. ಆ ವಾಡಿಕೆಯನ್ನು ತೆಗೆದು, ಒಳ್ಳೆಯ ಮೀನಿನ ಒಟ್ಟು ಹರಾಜಿನಲ್ಲೇ ಅವರ ಪಾಲು ಹೆಚ್ಚಿಸಿದೆ. ಮೊದಲ ಹಂಗಾಮಿನಲ್ಲಿ ಅದು ನನ್ನ ಕೈಯಿಂದ ಹೋದಂತಾಯಿತು. ಆದರೆ ಅಂದಿನಿಂದ ಚೀಲದೊಳಗೆ ಸಣ್ಣ ಕಣ್ಣಿನ ಒಳಚೀಲ ಸೇರಿಸುವ ಮಾತು ನಮ್ಮ ಬೋಟ್‌ನಲ್ಲಿ ಯಾರೂ ಎತ್ತಿಲ್ಲ. ನಿಯಮಕ್ಕೆ ಹೊರಗಿನಿಂದ ಚೌಕ ತೋರಿಸಿ ಒಳಗೆ ಇನ್ನೊಂದು ಬಲೆ ಕಟ್ಟುವುದು ಎಲ್ಲ ಬಂದರಿನವರಿಗೂ ಗೊತ್ತಿರುವ ಉಪಾಯ. ಪಾಲಿನ ಲೆಕ್ಕ ಸರಿಯಾಗದೆ ಅದು ನಿಲ್ಲುವುದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಬೆಳಕು ಹಾಕಿ ಮೀನು ಹಿಡಿಯುವುದನ್ನು, ಎರಡು ಬೋಟ್ ಸೇರಿ ಎಳೆಯುವ ಬುಲ್ ಟ್ರಾಲನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಮ್ಮ ದೇಶದ ಆರ್ಥಿಕ ವಲಯದ ಕಡಲಲ್ಲಿ ನಿಷೇಧಿಸಿದೆ. ಎರಡಕ್ಕೂ ನಾವು ಹೋಗುವುದಿಲ್ಲ. ನೇತ್ರಾಣಿ ದ್ವೀಪದ ಸುತ್ತಮುತ್ತ ಕಲ್ಲು, ಹವಳ ಇರುವ ಕಡೆಗಳನ್ನೂ ಬೋಟ್‌ನ ನಕ್ಷೆ ತೋರಿಸುವ ಪ್ಲಾಟರ್‌ನಲ್ಲಿ ಗುರುತು ಹಾಕಿ ದೂರ ಬಿಡುತ್ತೇವೆ. ಮೀನು ಮರಿ ಮಾಡುವ ಜಾಗ ಅದು.

ಒಬ್ಬ ಬಿಟ್ಟ ಮರಿಯನ್ನು ಪಕ್ಕದ ಬೋಟ್‌ನವನು ಹಿಡಿದರೆ ಏನು ಬಂತು ಎಂದು ಎಲ್ಲರೂ ಕೇಳುತ್ತಾರೆ. ಕೇರಳ ಇದಕ್ಕೆ ಬೇರೆ ದಾರಿ ಹಿಡಿಯಿತು. 2015ರಲ್ಲಿ 14 ಜಾತಿಗೆ, 2017ರಲ್ಲಿ 58 ಜಾತಿಗೆ, ಹಿಡಿಯಬಹುದಾದ ಮೀನಿನ ಕನಿಷ್ಠ ಅಳತೆ ಗೊತ್ತುಮಾಡಿತು. ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14, ಮದ್ಮಲ್‌ಗೆ 12. ಅಲ್ಲಿ ಮದ್ಮಲ್ ಇಳುವರಿ ಆಮೇಲೆ ಏರಿದೆ ಎಂದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) ಹೇಳಿದೆ. ಕಡಲ ನಡುವೆ ಪ್ರತಿ ಬೋಟ್‌ನ ಚೀಲ ಬಿಚ್ಚಿ ನೋಡುವುದು ಆಗದ ಮಾತು, ಧಕ್ಕೆಯಲ್ಲಿ ಬುಟ್ಟಿಗೆ ಸ್ಕೇಲ್ ಇಟ್ಟು ಅಳೆಯುವುದು ಆಗುವ ಕೆಲಸ. ಮಲ್ಪೆ, ಮಂಗಳೂರು, ಗಂಗೊಳ್ಳಿ, ಕಾರವಾರ ನಾಲ್ಕೂ ಕಡೆ ಫಿಶ್‌ಮೀಲ್ ಲಾರಿ ತುಂಬುವ ಜಾಗದಲ್ಲೇ ಆ ಅಳತೆ ದಿನವೂ ನಡೆಯಬೇಕು. ನಮ್ಮ ಬೋಟ್‌ನಿಂದಲೇ ಶುರು ಮಾಡಲಿ.