ಪಿಚರ್‌ಗಳಿಗೆ 55 ಡಾಲರ್ ಸಾಕು: ನನ್ನ ಫ್ಯಾಂಟಸಿ ಬೇಸ್‌ಬಾಲ್ ಅನುಭವ

ನ್ಯೂಜೆರ್ಸಿಗೆ ಬಂದು ಆರು ವರ್ಷ ಆಗಿದ್ದರೂ ನಾನು ಬೇಸ್‌ಬಾಲ್ ಕಡೆ ತಲೆ ಹಾಕಿರಲಿಲ್ಲ. 2023ರಲ್ಲಿ ಆಫೀಸ್ ಲೀಗಿಗೆ ಒಬ್ಬರು ಕಡಿಮೆ ಬಿದ್ದರು ಅಂತ ನನ್ನನ್ನು ಎಳೆದುಕೊಂಡರು. ಫ್ಯಾಂಟಸಿ ಅಂದರೆ ನಿಜವಾದ ಆಟಗಾರರನ್ನು ಹರಾಜಿನಲ್ಲಿ ಕೊಂಡು ಕಾಗದದ ಮೇಲೆ ತಂಡ ಕಟ್ಟುವುದು, ಅವರು ಮೈದಾನದಲ್ಲಿ ಮಾಡಿದ್ದೇ ನಮ್ಮ ಲೆಕ್ಕ. 12 ಜನ, ತಲೆಗೆ 100 ಡಾಲರ್, ಮಾಮೂಲಿ ರೊಟಿಸರಿ (ಒಂದೊಂದು ಅಂಕಿಅಂಶದಲ್ಲೂ ತಂಡಗಳಿಗೆ ಸ್ಥಾನ ಕೊಟ್ಟು ಪಾಯಿಂಟ್ ಕೂಡಿಸುವ ಪದ್ಧತಿ), ಹರಾಜಿಗೆ ತಲೆಗೆ 260 ಲೆಕ್ಕದ ಡಾಲರ್. ನಾನು ಕ್ರಿಕೆಟ್ ತಲೆ ಓಡಿಸಿದೆ. ಒಳ್ಳೆ ಬೌಲರ್ ಇದ್ದರೆ ಮ್ಯಾಚ್ ನಮ್ಮದೇ ಅಲ್ವಾ? ಇಲ್ಲಿನ ಬೌಲರ್ ಅಂದರೆ ಪಿಚರ್. ಡಿಗ್ರಾಮ್ ಅನ್ನುವ ಪಿಚರ್‌ಗೆ ಮೂವತ್ತರ ಮೇಲೆ ಸುರಿದೆ. ಕ್ಲೋಸರ್ (ಗೆಲ್ಲುವ ಪಂದ್ಯದ ಕೊನೆಗೆ ಬಂದು ಮುಗಿಸುವ ಪಿಚರ್) ಎಡ್ವಿನ್ ಡಿಯಾಸ್‌ಗೆ ಇಪ್ಪತ್ತು ಚಿಲ್ಲರೆ.

ಯಾರೋ ಊರಿಗೆ ಹೋಗುತ್ತಾರೆ ಅಂತ ಹರಾಜನ್ನು ಮಾರ್ಚ್ ಮೊದಲ ವಾರವೇ ಮುಗಿಸಿದ್ದೆವು. ಮುಂದಿನ ವಾರ ದೇಶಗಳ ನಡುವಿನ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಡಿಯಾಸ್‌ನ ಪ್ಯೂರ್ಟೊ ರಿಕೊ ಒಂದು ಪಂದ್ಯ ಗೆದ್ದಿತು. ಆ ಖುಷಿಗೆ ಎಲ್ಲರೂ ಕುಣಿಯುತ್ತಿದ್ದಾಗ ಡಿಯಾಸ್‌ನ ಮಂಡಿ ಹೋಯಿತು. ಆಡುವಾಗ ಅಲ್ಲ ಸ್ವಾಮಿ, ಕುಣಿಯುವಾಗ! ಆ ಸೀಸನ್ ಅವನು ಒಂದು ಬಾಲೂ ಎಸೆಯಲಿಲ್ಲ. ಡಿಗ್ರಾಮ್ ಆರು ಪಂದ್ಯ ಆಡಿ ಮೊಣಕೈ ಆಪರೇಷನ್‌ಗೆ ಹೋದ. ನಾನು 11ನೇ ಸ್ಥಾನ. ಕಟ್ಟಿದ 100 ಹೋಯಿತು, ಅಂಕಿಅಂಶದ ಸೈಟಿಗೆ ಕೊಟ್ಟ ಸುಮಾರು 40 ಡಾಲರ್ ಹೋಯಿತು. ಕ್ಯಾನ್ಸಲ್ ಮಾಡುವುದು ಮರೆತು ಮರುವರ್ಷವೂ ಅಷ್ಟೇ ಕಿತ್ತುಕೊಂಡರು.

ದುಡ್ಡು ಕೊಟ್ಟಾಗಿದೆ, ಸುಮ್ನೆ ಬಿಡುವುದೇಕೆ ಅಂತ ಆ ಚಳಿಗಾಲ ಎಕ್ಸೆಲ್ ಶೀಟ್ ಹಿಡಿದು ಕೂತೆ. ತೀರ್ಮಾನ ಇಷ್ಟೇ: ಬ್ಯಾಟರ್‌ಗಳಿಗೆ 205, ಪಿಚರ್‌ಗಳಿಗೆ 55. ಹರಾಜಿನಲ್ಲಿ ಒಬ್ಬ ಕ್ಲೋಸರೂ ಬೇಡ. ಪಕ್ಕದ ಸೀಟಿನ ದಾವಣಗೆರೆ ಗೆಳೆಯ ಶೀಟ್ ನೋಡಿ, "ಲೇ ಮಾರಾಯ, ಈ ಸಲ 12ನೇ ಸ್ಥಾನಾನಾ?" ಅಂದ. ಲೀಗ್ ನಡೆಸುವವನಂತೂ ಜೋರಾಗಿ ನಕ್ಕ.

2024ರ ಹರಾಜು. ಬ್ಯಾಟಿಂಗ್, ಪಿಚಿಂಗ್ ಎರಡೂ ಮಾಡುವ ಒಟಾನಿ ಆ ವರ್ಷ ಪಿಚ್ ಮಾಡುವ ಹಾಗಿರಲಿಲ್ಲ, ಯುಟಿಲಿಟಿ (ಯಾವ ಬ್ಯಾಟರ್‌ನನ್ನಾದರೂ ಹಾಕಬಹುದಾದ) ಜಾಗ ಒಂದನ್ನೇ ತುಂಬುತ್ತಾನೆ ಅಂತ ಕೆಲವರು ಹಿಂದೆ ಸರಿದರು. ನನಗೆ 38ಕ್ಕೋ 39ಕ್ಕೋ ಸಿಕ್ಕ. ಹೊಸೆ ರಮಿರೆಸ್ ಮೂವತ್ತರ ಆಸುಪಾಸು. ಮಿಲ್ವಾಕಿಯ ಬ್ರೈಸ್ ಟುರಾಂಗ್‌ನನ್ನು ಕೊನೆಗೆ 1 ಡಾಲರ್‌ಗೆ ಎತ್ತಿಕೊಂಡೆ. ಅವನು 50 ಬೇಸ್ ಕದ್ದ, ಅಂದರೆ ಯಾರೂ ಬಾಲ್ ಹೊಡೆಯದೇ ಮುಂದಿನ ಬೇಸ್‌ಗೆ ಓಡಿ ಮುಟ್ಟಿದ! ಪಿಚಿಂಗ್‌ನಲ್ಲಿ ದೊಡ್ಡ ಖರ್ಚು ಅಂದರೆ ಸ್ಕೂಬಲ್, ಇಪ್ಪತ್ತರ ಹತ್ತಿರ. ಸೆತ್ ಲುಗೊ 2 ಡಾಲರ್. ಒಬ್ಬ 18 ಪಂದ್ಯ ಗೆದ್ದ, ಇನ್ನೊಬ್ಬ 16. ಅದೇ ಹರಾಜಿನಲ್ಲಿ ಸ್ಟ್ರೈಡರ್‌ಗೆ ನಲವತ್ತರ ಹತ್ತಿರ ಕೊಟ್ಟವನಿಗೆ ಸಿಕ್ಕಿದ್ದು ಎರಡೇ ಪಂದ್ಯ.

ಬ್ಯಾಟರ್‌ಗಳಿಗೂ ಪೆಟ್ಟಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅಕುನ್ಯಾಗೆ ನಾನು 47ರವರೆಗೆ ಕೂಗಿದ್ದೆ. ಲೀಗ್ ನಡೆಸುವವನು ಐವತ್ತು ದಾಟಿಸಿ ಒಯ್ದ. ಮೇ ತಿಂಗಳಲ್ಲಿ ಅಕುನ್ಯಾ ಮಂಡಿ ಹೋಯಿತು. ಅವನು ನನ್ನ ಕೈಗೆ ಬಿದ್ದಿದ್ದರೆ ಇದನ್ನೆಲ್ಲ ಬರೆಯುತ್ತಿರಲಿಲ್ಲ.

ಸೇವ್‌ಗಳೇ (ಕ್ಲೋಸರ್ ಮುನ್ನಡೆ ಉಳಿಸಿ ಪಂದ್ಯ ಮುಗಿಸಿದ ಲೆಕ್ಕ) ತಲೆನೋವಾಗಿದ್ದು. ಏಪ್ರಿಲ್‌ನಲ್ಲಿ ಟೆಕ್ಸಸ್‌ನ ಕ್ಲೋಸರ್ ಲೆಕ್ಲರ್ಕ್ ಒದ್ದಾಡುವುದು ಕಾಣುತ್ತಿತ್ತು. ಅವನ ಹಿಂದೆ ಸಾಲಿನಲ್ಲಿ ಕರ್ಬಿ ಯೇಟ್ಸ್ ಇದ್ದ. 100 ಡಾಲರ್ ವೇವರ್ ಬಜೆಟ್‌ನಲ್ಲಿ (ಸೀಸನ್ ಮಧ್ಯೆ ಯಾರ ತಂಡದಲ್ಲೂ ಇಲ್ಲದವರನ್ನು ಕೊಳ್ಳುವ ಲೆಕ್ಕದ ದುಡ್ಡು) 9 ಹಾಕಿದೆ, ಸಿಕ್ಕಿಬಿಟ್ಟ. ಆ ವರ್ಷ ಅವನದು 33 ಸೇವ್. ಯಾವ ಕ್ಲೋಸರ್ ಕುರ್ಚಿ ಅಲ್ಲಾಡುತ್ತಿದೆ ಅಂತ ಎರಡು ದಿನ ಮೊದಲೇ ಹೇಗೆ ಹಿಡಿಯುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಮ್ಮ ಲೀಗಿನಲ್ಲೂ ಕನ್ನಡ ಓದುವವರಿದ್ದಾರೆ. ಉಳಿದ ಪಿಚರ್‌ಗಳನ್ನು ವಾರಕ್ಕೊಮ್ಮೆ ಬದಲಿಸುತ್ತಿದ್ದೆ. ವೈಟ್ ಸಾಕ್ಸ್ ವಿರುದ್ಧ ಯಾರಿದ್ದರೂ ಹಾಕು, ತೆಳು ಗಾಳಿಗೆ ಬಾಲ್ ದೂರ ಹಾರುವ ಡೆನ್ವರ್‌ನಲ್ಲಿ ಯಾರಿದ್ದರೂ ಕೂರಿಸು. ಆ ವರ್ಷ ವೈಟ್ ಸಾಕ್ಸ್ 121 ಪಂದ್ಯ ಸೋತಿತು, ನನಗಂತೂ ಅನ್ನ ಹಾಕಿತು.

ಇನ್ನೊಂದು ಹುಚ್ಚಾಟ. ಪುಕ್ಕಟೆ ಲೀಗೊಂದರಲ್ಲಿ ಬರೀ ಓಟಗಾರರ ತಂಡ ಕಟ್ಟಿದೆ. 2023ರಿಂದ ಬೇಸ್ 15 ಇಂಚಿನಿಂದ 18 ಇಂಚಾಗಿದೆ, ಪಿಕ್‌ಆಫ್‌ಗೂ (ಓಟಗಾರನನ್ನು ಔಟ್ ಮಾಡಲು ಪಿಚರ್ ಬೇಸ್‌ಗೆ ಎಸೆಯುವುದು) ಮಿತಿ ಬಂದಿದೆ, ಕದಿಯುವುದು ಸಲೀಸು ಅಂತ. ಕದಿಯುವುದರಲ್ಲಿ ನಾನೇ ಮೊದಲು, ಹೋಮ್ ರನ್ (ನಮ್ಮ ಸಿಕ್ಸರ್ ಥರ) ಮತ್ತು ಆರ್‌ಬಿಐ (ಬ್ಯಾಟರ್ ತನ್ನ ಹೊಡೆತದಿಂದ ತಂದ ರನ್) ಎರಡರಲ್ಲೂ ಕೊನೆ. ಎಲ್ಲರೂ ಕದಿಯುವಾಗ ಕಳ್ಳರಿಗೆ ದುಬಾರಿ ದುಡ್ಡು ಯಾಕೆ? 1 ಡಾಲರ್ ಟುರಾಂಗ್ ಸಾಕು.

ಸೆಪ್ಟೆಂಬರ್ 19ರ ಸಂಜೆ ಮಗಳನ್ನು ಈಜು ಕ್ಲಾಸಿಗೆ ಬಿಟ್ಟು ಪಾರ್ಕಿಂಗ್‌ನಲ್ಲಿ ಫೋನ್ ಹಿಡಿದು ಕೂತಿದ್ದೆ. ಮಯಾಮಿಯಲ್ಲಿ ಒಟಾನಿ ಎರಡು ಬೇಸ್ ಕದ್ದಾಗಿತ್ತು. ಆಮೇಲೆ ಒಂದರ ಹಿಂದೆ ಒಂದು ಮೂರು ಹೋಮ್ ರನ್, ಒಟ್ಟು 10 ಆರ್‌ಬಿಐ. ಒಂದೇ ಸೀಸನ್‌ನಲ್ಲಿ 50 ಹೋಮ್ ರನ್, 50 ಕದ್ದ ಬೇಸ್, ಹೀಗೆ 50-50 ದಾಟಿದ ಮೊದಲ ಆಟಗಾರ. ಮಗಳು ಒದ್ದೆ ತಲೆಯಲ್ಲಿ ಬಂದು ಕಿಟಕಿ ಬಡಿಯುತ್ತಿದ್ದದ್ದು ಎಷ್ಟು ಹೊತ್ತಿಗೆ ಕೇಳಿಸಿತೋ.

ಮೂರು ಪಾಯಿಂಟ್ ಮೇಲಿಂದ ಗೆದ್ದೆ. 700 ಡಾಲರ್. ಕೊನೆ ದಿನದ ಪಂದ್ಯ ಮಳೆಗೆ ರದ್ದಾಗಿ ರಮಿರೆಸ್ 39 ಹೋಮ್ ರನ್‌ಗೇ ನಿಂತ, ಪಾಪ. ದಾವಣಗೆರೆ ಗೆಳೆಯ ಮರುದಿನವೇ ಶೀಟ್ ಕೇಳಿದ. ಕಳಿಸಿದೆ, ಒಂದು ಕಾಲಮ್ ಅಳಿಸಿ.