ಮಂಗಳೂರಿನಲ್ಲಿ ದೊಡ್ಡ ಹೋಟೆಲ್ ಬುಕ್ ಮಾಡುವ ಮುಂಚೆ ಒಬ್ಬ ಡ್ರೈವರ್ ಹೇಳುವ ಮಾತು

ಇಪ್ಪತ್ತಮೂರು ವರ್ಷದಿಂದ ಮಂಗಳೂರಿನಲ್ಲಿ ಟೂರಿಸ್ಟ್ ಕಾರು ಓಡಿಸುತ್ತಿದ್ದೇನೆ. ಮೊದಲು ಅಂಬಾಸಿಡರ್, ಆಮೇಲೆ ಇಂಡಿಕಾ, ಈಗ ಇನ್ನೋವಾ. ಇಲ್ಲಿಯ ದೊಡ್ಡ ಹೋಟೆಲಿನ ರೂಮಿನಲ್ಲಿ ನಾನು ಮಲಗಿದ್ದು ಒಂದೇ ಒಂದು ರಾತ್ರಿ. ಆ ಕಥೆ ಆಮೇಲೆ ಹೇಳುತ್ತೇನೆ. ಆದರೆ ಬೆಳಿಗ್ಗೆ ಪೋರ್ಟಿಕೋದಲ್ಲಿ ಗಾಡಿ ಹತ್ತಿದ ಗೆಸ್ಟ್ ಮೊದಲ ಐದು ನಿಮಿಷ ಏನು ಮಾತಾಡುತ್ತಾರೆ ಎಂಬುದು ನನಗೆ ಬಾಯಿಪಾಠ. ರೂಮು ಚೆನ್ನಾಗಿಲ್ಲ ಎನ್ನುವವರು ಕಡಿಮೆ. "ರೂಮೆಲ್ಲ ಒಳ್ಳೆಯದೇ ಅಣ್ಣಾ, ಆದರೆ..." ಎಂದು ಶುರು ಮಾಡುವವರೇ ಜಾಸ್ತಿ. ಆ "ಆದರೆ" ತಪ್ಪಿಸಲು ನನಗೆ ಗೊತ್ತಿರುವುದನ್ನು ಇಲ್ಲಿ ಬರೆದಿದ್ದೇನೆ.

ಹೋಟೆಲಿನ ಫೋಟೋ ನೋಡುವ ಮುಂಚೆ ಒಂದು ಚೀಟಿ ತೆಗೆದುಕೊಳ್ಳಿ. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡುತ್ತೀರಿ, ಯಾವ ದಿಕ್ಕಿಗೆ, ರಾತ್ರಿ ಎಷ್ಟಕ್ಕೆ ವಾಪಸ್, ಇಷ್ಟು ಬರೆಯಿರಿ. ದುಬಾರಿ ಹೋಟೆಲುಗಳ ಹಾಸಿಗೆ, ಬಾತ್‌ರೂಮು ಎಲ್ಲ ಹೆಚ್ಚುಕಮ್ಮಿ ಒಂದೇ. ನಿಮಗೆ ಹೊಂದುವುದು ಹೊಂದದಿರುವುದು ಗೊತ್ತಾಗುವುದು ಈ ಚೀಟಿಯಲ್ಲೇ.

ದೇವಸ್ಥಾನದ ಗೆಸ್ಟ್‌ಗಳನ್ನೇ ನೋಡಿ. ಧರ್ಮಸ್ಥಳಕ್ಕೆ ಇಲ್ಲಿಂದ ಸುಮಾರು 75 ಕಿಲೋಮೀಟರ್, ಸುಬ್ರಹ್ಮಣ್ಯಕ್ಕೆ ನೂರು ದಾಟುತ್ತದೆ. ಆಶ್ಲೇಷ ಬಲಿ ಇದೆ ಎಂದು ಬೆಳಗಿನ ಜಾವ ಐದಕ್ಕೇ ಹೊರಡುತ್ತಾರೆ. ಹೋಟೆಲಿನ ಬಫೆ ತೆರೆಯುವುದು ಸಾಮಾನ್ಯವಾಗಿ ಏಳಕ್ಕೋ ಏಳೂವರೆಗೋ. ಸೇವೆ ಮುಗಿಯುವ ತನಕ ಇವರಲ್ಲಿ ಅರ್ಧಕ್ಕರ್ಧ ಜನ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಆದರೂ ತಿಂಡಿ ಸೇರಿದ ರೇಟಿಗೇ ಬುಕ್ ಮಾಡಿರುತ್ತಾರೆ! ನಾಲ್ಕು ಜನ, ಎರಡು ದಿನ, ಎಂಟು ತಿಂಡಿಯ ದುಡ್ಡು ಸುಮ್ನೆ ಹೋಯಿತು. ಇಂಥವರು ರೂಮಿಗೆ ಮಾತ್ರ ದುಡ್ಡು ಕೊಡುವ ರೇಟು ಕೇಳಬೇಕು. ಇಲ್ಲವಾದರೆ ಹಿಂದಿನ ರಾತ್ರಿಯೇ ರಿಸೆಪ್ಷನ್‌ಗೆ ಹೇಳಿ ತಿಂಡಿ ಕಟ್ಟಿಸಿಕೊಳ್ಳಬೇಕು. ಬೆಳಿಗ್ಗೆ ಹೊರಡುವ ಹೊತ್ತಿಗೆ ಕೇಳಿದರೆ ಎರಡು ಬಾಳೆಹಣ್ಣು, ಒಂದು ಬ್ರೆಡ್ ಸಿಕ್ಕೀತು, ಅಷ್ಟೇ.

ಕೆಲಸದ ಮೇಲೆ ಬರುವವರಿಗೆ ದಿಕ್ಕು ಮುಖ್ಯ. ಪಣಂಬೂರು ಬಂದರಿನಲ್ಲಿ ಕೆಲಸವಿದ್ದವರು ಪೇಟೆ ನಡುವಿನ ಹಂಪನಕಟ್ಟೆಯ ಕಡೆ ಉಳಿದರೆ ದಿನಾ ಕೊಟ್ಟಾರಚೌಕಿ, ಕೂಳೂರು ಸೇತುವೆ ದಾಟಬೇಕು. ಲಾಲ್‌ಬಾಗ್, ಬಿಜೈ ಕಡೆ ಉಳಿದರೆ ಪೇಟೆಯ ಗಲಾಟೆಯಾದರೂ ತಪ್ಪುತ್ತದೆ. ಕೆಲಸ ಮುಡಿಪು, ದೇರಳಕಟ್ಟೆಯ ಕಡೆ ಎಂದರೆ ದಿಕ್ಕು ಪೂರಾ ಉಲ್ಟಾ. ಪಂಪ್‌ವೆಲ್ ದಾಟಿ ನೇತ್ರಾವತಿ ಸೇತುವೆ ಹತ್ತಬೇಕು, ಹಾಗಾಗಿ ಕಂಕನಾಡಿ, ಫಳ್ನೀರ್ ಸುತ್ತಮುತ್ತ ನೋಡಿ. ವಿಮಾನ ನಿಲ್ದಾಣವಂತೂ ಕೆಂಜಾರಿನ ಗುಡ್ಡದ ಮೇಲೆ. ಕೆಪಿಟಿ (ಪಾಲಿಟೆಕ್ನಿಕ್) ಜಂಕ್ಷನ್‌ನಿಂದ ಯೆಯ್ಯಾಡಿ, ಬೋಂದೆಲ್, ಕಾವೂರು ದಾಟಿ ಹೋಗಬೇಕು. ಬೆಳಗಿನ ಜಾವ ಅರ್ಧ ಗಂಟೆ, ಸಂಜೆ ಆರಕ್ಕೆ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ.

ರೈಲಿನವರಿಗೂ ಒಂದು ಮಾತು. ಇಲ್ಲಿ ದೊಡ್ಡ ಸ್ಟೇಷನ್ ಎರಡು. ಸೆಂಟ್ರಲ್ ಪೇಟೆಯೊಳಗೇ ಇದೆ. ಕೇರಳದಿಂದ ಮುಂಬೈ ಕಡೆ ಹೋಗುವ ಕೊಂಕಣ ರೈಲುಗಳು ಅಲ್ಲಿಗೆ ಬರುವುದಿಲ್ಲ, ಪಡೀಲಿನ ಹತ್ತಿರದ ಜಂಕ್ಷನ್‌ನಲ್ಲಿ ನಿಲ್ಲುತ್ತವೆ. "ಸ್ಟೇಷನ್‌ಗೆ ನಡೆದೇ ಹೋಗಬಹುದು" ಎಂದು ಹೋಟೆಲಿನವರು ಬರೆದಿದ್ದರೆ ಯಾವ ಸ್ಟೇಷನ್ ಎಂದು ಕೇಳಿ.

ಇನ್ನು ಸಮುದ್ರ. ಬೆಂಗಳೂರಿನವರು ಸೀ ವ್ಯೂ ರೂಮಿಗೆ ಜಾಸ್ತಿ ದುಡ್ಡು ಕೊಟ್ಟು, ಕಿಟಕಿ ತೆರೆದು, "ಬೀಚ್ ಎಲ್ಲಿ?" ಎಂದು ಕೇಳುತ್ತಾರೆ. ಪೇಟೆಯ ಹೋಟೆಲಿನ ಬಾಗಿಲಲ್ಲಿ ಬೀಚ್ ಇಲ್ಲ ಮಾರಾಯ್ರೆ. ಮೊದಲು ಹೆಂಚಿನ ಮಾಡು, ತೆಂಗಿನ ಮರ, ಆಮೇಲೆ ನೇತ್ರಾವತಿ ಮತ್ತು ಗುರುಪುರ ಹೊಳೆ ಸೇರುವ ಜಾಗ, ಅದರಾಚೆ ಬೆಂಗ್ರೆಯ ಮರಳು, ಕೊನೆಗೆ ಸಮುದ್ರ. ಹಳೇ ಬಂದರು ರಸ್ತೆಯ ವಿವಾಂತ ಹೋಟೆಲಿನ ಮೇಲಿನ ಮಹಡಿಯಿಂದ ಇದೆಲ್ಲ ಚಂದ ಕಾಣುತ್ತದೆ ಎಂದು ಗೆಸ್ಟ್‌ಗಳೇ ಹೇಳುತ್ತಾರೆ. ನಮ್ಮಂಥ ಹಳಬರಿಗೆ ಅದು ಇನ್ನೂ ತಾಜ್ ಮಂಜರಾನ್. ದಿನಕ್ಕೆ ಎರಡು ಸಲ ನೀರಿಗಿಳಿಯುವ ಆಸೆ ಇದ್ದವರು ಪೇಟೆಯ ಹೋಟೆಲೇ ಬಿಡಿ, ಉಳ್ಳಾಲದ ಕಡೆ ರೆಸಾರ್ಟ್ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಟೆರೇಸಿನ ಈಜುಕೊಳವನ್ನು ನಂಬಿ ದುಡ್ಡು ಕೊಡಬೇಡಿ. ನಮ್ಮ ಮಳೆ ನಿಮಗೆ ಗೊತ್ತಲ್ವಾ.

ಮಳೆಗಾಲದಲ್ಲಿ ಬೇರೆಯದೇ ಎರಡು ವಿಷಯ ನೋಡಬೇಕು. ಒಂದು, ಪೋರ್ಟಿಕೋಗೆ ಸರಿಯಾದ ಮಾಡು ಇದೆಯಾ, ಟೆಂಪೋ ಟ್ರಾವೆಲರ್ ಅದರಡಿ ನುಗ್ಗುತ್ತದಾ. ಅಜ್ಜಿಯನ್ನು ಕೊಡೆ ಹಿಡಿದು ಇಳಿಸುವ ಕಷ್ಟ ನನಗೆ ಗೊತ್ತು. ಎರಡು, ರೂಮಿನ ಮುಗ್ಗಲು ವಾಸನೆ. ಕೀ ಕೊಟ್ಟ ಕೂಡಲೇ ಬ್ಯಾಗು ಮೇಲೆ ತರಿಸಬೇಡಿ. ನೀವು ಹೋಗಿ ಏಸಿ ಹಾಕದೆ ಒಂದು ನಿಮಿಷ ನಿಂತು ಮೂಸಿ ನೋಡಿ. ಪರದೆಯ ಹಿಂದೆ, ಕಪಾಟಿನ ಒಳಗೆ. ಬೇಡವೆನಿಸಿದರೆ ಆಗಲೇ ರೂಮು ಬದಲಾಯಿಸಿ. ಮಲಗಿ ಎದ್ದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಮೀನಿಗೆಂದೇ ಬರುವವರು ಹೋಟೆಲಿನ ಊಟಕ್ಕೆ ಮೊದಲೇ ದುಡ್ಡು ಕಟ್ಟಬೇಡಿ, ಹೊರಗೆ ತಿನ್ನಿ. ಅದೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ತಟ್ಟೆಗೆ ಬರುವ ಅಂಜಲ್ ಮೀನು ಐಸಿನದ್ದೋ ಹೊರಗಿನದ್ದೋ ಆಗಿರುವುದೇ ಜಾಸ್ತಿ. ಶುದ್ಧ ಸಸ್ಯಾಹಾರಿಗಳು "ವೆಜ್ ಸಿಗುತ್ತದಾ" ಎಂದು ಕೇಳಬೇಡಿ, ಎಲ್ಲ ಕಡೆ ಸಿಗುತ್ತದೆ. "ಅಡುಗೆಮನೆ ಬೇರೆ ಇದೆಯಾ" ಎಂದು ಕೇಳಿ.

ಈಗ ನನ್ನ ಆ ಒಂದು ರಾತ್ರಿ. ನಮ್ಮ ಮದುವೆಗೆ ಇಪ್ಪತ್ತೈದು ವರ್ಷವಾದಾಗ ಮಗಳು ಇಲ್ಲಿಯದೇ ಒಂದು ದೊಡ್ಡ ಹೋಟೆಲಿನಲ್ಲಿ ರೂಮು ಮಾಡಿಕೊಟ್ಟಳು. ಡಿಸೆಂಬರ್ ಕೊನೆಯ ವಾರ, ಎರಡನೇ ಮಹಡಿ. ನಮ್ಮ ಕೆಳಗೇ ಹಾಲ್, ಹಾಲ್‌ನಲ್ಲಿ ಗಲ್ಫಿನಿಂದ ಬಂದವರ ಮದುವೆ ರಿಸೆಪ್ಷನ್. ಹನ್ನೆರಡೂವರೆ ತನಕ ಡಿಜೆ. ಮಂಚ ನಡುಗುತ್ತಿತ್ತು. "ನಮ್ಮ ಮದುವೆಗೇ ಇಷ್ಟು ಗದ್ದಲ ಇರಲಿಲ್ಲ" ಎಂದು ನನ್ನ ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ, ಬೆಳಿಗ್ಗೆ ಐದಕ್ಕೆ ಮಡಿಕೇರಿ ಬಾಡಿಗೆ ಇತ್ತು. ಕೆಳಗೆ ಹೋಗಿ ಹೇಳಿದರೆ ಹಣ್ಣಿನ ತಟ್ಟೆ ಕಳಿಸಿದರು. ರಾತ್ರಿ ಹತ್ತರ ಮೇಲೆ ಮೈಕ್ ಬಂದ್ ಎಂಬ ಕಾನೂನು ಇದೆಯಲ್ಲ ಎಂದರೆ, ಅದು ಮುಚ್ಚಿದ ಹಾಲ್‌ಗೆ ಅನ್ವಯಿಸುವುದಿಲ್ಲ ಎಂದರು. ಆಮೇಲೆ ವಿಚಾರಿಸಿದೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಆ ವಿನಾಯಿತಿ ಇರುವುದು ನಿಜ.

ಅಂದಿನಿಂದ ಯಾರು ಕೇಳಿದರೂ ಇದನ್ನು ಮೊದಲು ಹೇಳುತ್ತೇನೆ. ಆಪ್‌ನಲ್ಲಿ ಬುಕ್ ಮಾಡುವ ಮುಂಚೆ ಹೋಟೆಲಿಗೇ ಫೋನ್ ಮಾಡಿ, "ನಾವು ಬರುವ ದಿನ ಹಾಲ್ ಬುಕ್ ಆಗಿದೆಯಾ, ಹಾಲ್ ಯಾವ ಮಹಡಿ, ಜನರೇಟರ್ ಯಾವ ಬದಿ" ಎಂದು ಕೇಳಿ. ಮದುವೆಗೇ ಬಂದವರಾದರೆ ಅದೇ ಹೋಟೆಲು ಸ್ವರ್ಗ, ಸೀರೆ ಬದಲಾಯಿಸಲು ಲಿಫ್ಟ್ ಹತ್ತಿದರಾಯಿತು. ನಿದ್ದೆಗೆ ಬಂದವರಾದರೆ ಅಂಥ ದಿನ ಬೇರೆ ಕಡೆ ನೋಡಿ.

ದುಡ್ಡಿನ ಲೆಕ್ಕ ಚಿಕ್ಕದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿ ತನಕದ ರೂಮಿಗೆ ಜಿಎಸ್‌ಟಿ ಶೇಕಡಾ 5, ರೇಟು 7,500 ದಾಟಿದರೆ ಶೇಕಡಾ 18. ಹಾಗಾಗಿ 7,400ರ ರೂಮು 7,770ಕ್ಕೆ ಮುಗಿಯುತ್ತದೆ, 7,600ರ ರೂಮು 8,968 ಆಗುತ್ತದೆ. ಇನ್ನೂರು ರೂಪಾಯಿ ವ್ಯತ್ಯಾಸಕ್ಕೆ ಸಾವಿರದ ಇನ್ನೂರು! ಗಡಿಯಲ್ಲಿರುವ ರೂಮಾದರೆ ಚೌಕಾಸಿ ಮಾಡಿ. ಸ್ಟಾರ್ ನೋಡಿ ಮರುಳಾಗಬೇಡಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕೊಡುವ ಸ್ಟಾರ್ ಐದು ವರ್ಷಕ್ಕೆ, ಅದೂ ಹೋಟೆಲಿನವರು ಅರ್ಜಿ ಹಾಕಿದರೆ ಮಾತ್ರ. ಆಪ್‌ನಲ್ಲಿ ಕಾಣುವ ಸ್ಟಾರ್‌ಗಳೆಲ್ಲ ಅದೇ ಆಗಿರಬೇಕೆಂದಿಲ್ಲ.

ಕೊನೆಯದು ನನ್ನ ಸ್ವಾರ್ಥ ಎಂದರೂ ಸರಿ. ದೂರದ ಊರಿನಿಂದ ಕಾರಿನಲ್ಲಿ ಬರುವವರು, ಡ್ರೈವರ್‌ಗೆ ಮಲಗಲು, ಸ್ನಾನಕ್ಕೆ ಜಾಗ ಇದೆಯಾ ಎಂದು ಕೇಳಿ. ಹತ್ತು ಸಾವಿರದ ರೂಮಿನಲ್ಲಿ ನೀವು ಮಲಗಿ, ಸೊಳ್ಳೆ ಕಚ್ಚಿಸಿಕೊಂಡು ಅವನು ಗಾಡಿಯ ಸೀಟಿನಲ್ಲಿ ಮಲಗಿದರೆ, ಮರುದಿನ ಶಿರಾಡಿ ಘಾಟಿ ಹತ್ತಿಸುವವನು ಅವನೇ. ಕೆಲವು ಕಡೆ ನಮಗೆ ಫ್ಯಾನು, ಚಾಪೆ, ಬಿಸಿ ಊಟ ಸಿಗುತ್ತದೆ. ಕೆಲವು ಕಡೆ ಗೇಟಿನಾಚೆ ಹೋಗಲು ಹೇಳುತ್ತಾರೆ. ಫೋನಿನಲ್ಲಿ ಈ ಪ್ರಶ್ನೆ ಕೇಳಿದಾಗ "ಇದೆ ಸಾರ್, ಬೇಸ್‌ಮೆಂಟಿನಲ್ಲಿ, ಆರು ಹಾಸಿಗೆ" ಎಂದು ಥಟ್ಟನೆ ಉತ್ತರ ಬಂದರೆ ಆ ಹೋಟೆಲು ಹಿಡಿಯಿರಿ.